ಹಳಿ ಹೋದರೂ ಉಳಿದ ಹಾದಿ

ಅಮೆರಿಕದ ವರ್ಜೀನಿಯಾದಲ್ಲಿ, ವಾಷಿಂಗ್ಟನ್ ನಗರಕ್ಕೆ ಸಮೀಪದ ಆರ್ಲಿಂಗ್ಟನ್ನಿನಿಂದ ಪರ್ಸೆಲ್‌ವಿಲ್ ಎಂಬ ಊರಿನವರೆಗೆ ಸುಮಾರು 72 ಕಿಲೋಮೀಟರ್ ಉದ್ದದ ಡಾಂಬರು ಹಾದಿಯೊಂದಿದೆ. ಅಲ್ಲಿ ಓಡುತ್ತಿದ್ದ ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್ ರೈಲು 1968ರಲ್ಲಿ ನಿಂತಿತು, ಹಳಿಗಳನ್ನು ಕಿತ್ತರು. ಇಂಥ ನೆಲ ತುಂಡುತುಂಡಾಗಿ ಮಾರಾಟವಾದರೆ ಮತ್ತೆ ಒಂದುಗೂಡುವುದು ದುಸ್ತರ. ವಿದ್ಯುತ್ ಕಂಪನಿಯೊಂದು ತನ್ನ ತಂತಿಮಾರ್ಗಕ್ಕಾಗಿ ಅದನ್ನು ಕೊಂಡದ್ದೇ ಉಪಕಾರವಾಯಿತು! 1974ರಲ್ಲಿ ಫಾಲ್ಸ್ ಚರ್ಚ್ ಪಟ್ಟಣದಲ್ಲಿ ಚಿಕ್ಕದೊಂದು ಭಾಗವನ್ನು ನಿರ್ಮಿಸಿದರು, ಜನರು ಮೆಚ್ಚಿದರು, 1988ರಲ್ಲಿ ಹಾದಿ ಪರ್ಸೆಲ್‌ವಿಲ್ ಮುಟ್ಟಿತು.

ರೈಲು ಕಡಿದಾದ ಏರನ್ನು ಹತ್ತಲಾರದು. ಆದುದರಿಂದ ಈ ಹಾದಿಯೂ ಬಹುಮಟ್ಟಿಗೆ ಸಮನಾಗಿದ್ದು, ಮೊಮ್ಮಗುವಿನ ತಳ್ಳುಗಾಡಿ ಹಿಡಿದ ಅಜ್ಜಿಗೂ ಗಾಲಿಕುರ್ಚಿಯವರಿಗೂ ಹೆಚ್ಚು ಆಯಾಸವಾಗದು. ಮಕ್ಕಳ ಮನೆಗೆಂದು ಆ ಕಡೆ ಹೋಗುವ ನಮ್ಮ ಹಿರಿಯರು ಬಲಬದಿಯಲ್ಲಿಯೇ ನಡೆಯತಕ್ಕದ್ದು. ಬೆನ್ನ ಹಿಂದೆ ಗಂಟೆ ಕೇಳಿಸಿದರೆ ಅದು ಸೈಕಲ್ಲು.