ಸೈಕಲ್ ಏರಿ ಶ್ವೆಟ್ಸಿಂಗನ್‌ಗೆ: ನಮಾಝ್ ಇಲ್ಲದ ಮಸೀದಿಯ ಮುಂದೆ ಒಂದು ಶನಿವಾರ

ಜರ್ಮನಿಯ ಹೈಡೆಲ್‌ಬರ್ಗ್‌ಗೆ ಓದಲು ಬಂದು ಏಳು ತಿಂಗಳಾಗಿತ್ತು. ಇಷ್ಟು ದಿನದಲ್ಲಿ ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದ್ದರೆ ರೂಮು, ಕ್ಲಾಸು, ಲೈಬ್ರರಿ, ವಾರದಲ್ಲಿ ಮೂರು ಸಂಜೆ ಪಾತ್ರೆ ತೊಳೆಯುವ ಹೋಟೆಲಿನ ಅಡುಗೆಮನೆ ಎಂದಷ್ಟೇ ನಾವು ಹೇಳಬೇಕಿತ್ತು. ಬಂಟ್ವಾಳ, ಉಪ್ಪಿನಂಗಡಿ, ಉಳ್ಳಾಲ ಕಡೆಯಿಂದ ಬಂದ ಮೂವರು ನಾವು. ಒಂದು ಯೂರೋ ಕೈಬಿಡುವಾಗಲೂ ಮನಸ್ಸು ಅದನ್ನು ರೂಪಾಯಿಗೆ ಗುಣಿಸುತ್ತದೆ. ಮನೆಯವರು ಸಾಲ ಮಾಡಿ ಕಳಿಸಿದ್ದಾರೆ, ನಾವಿಲ್ಲಿ ಸುತ್ತಾಡುವುದಾ ಎಂಬ ಅಳುಕು ಬೇರೆ.

ಆ ಅಳುಕನ್ನು ಬಿಡಿಸಿದ್ದು ನಮ್ಮಲ್ಲೊಬ್ಬನ ಬಾಪ. ಅವರು 24 ವರ್ಷ ದಮ್ಮಾಮ್‌ನ ಒಂದು ಅಂಗಡಿಯಲ್ಲಿ ದುಡಿದವರು. ಒಂದು ರಾತ್ರಿ ಫೋನಿನಲ್ಲಿ, ‘ಮೋನೇ, ಆ ಊರು ಹೇಗಿದೆ?’ ಎಂದು ಕೇಳಿದರು. ಇವನಿಗೆ ಉತ್ತರ ಸಿಗಲಿಲ್ಲ. ಆಗ ಅವರೇ ಹೇಳಿದರು: ‘ನನಗೂ ಹೀಗೇ ಆಗಿತ್ತು. ಸಮುದ್ರ ಅಲ್ಲೇ ಇತ್ತು. 24 ವರ್ಷದಲ್ಲಿ ನಾನು ಹೋಗಿ ನೋಡಿದ್ದು ಎರಡೇ ಸಲ. ಊರಿಗೆ ಬಂದ ಮೇಲೆ ಮಕ್ಕಳು ಕೇಳಿದರೆ ಹೇಳಲಿಕ್ಕೆ ಅಂಗಡಿ ಬಿಟ್ಟು ಬೇರೇನೂ ಇರಲಿಲ್ಲ. ನೀನು ಹಾಗೆ ಮಾಡಬೇಡ.’

ಸ್ಪೀಕರ್‌ನಲ್ಲಿದ್ದ ಆ ಮಾತನ್ನು ಮೂವರೂ ಕೇಳಿದೆವು. ಮೇ ತಿಂಗಳ ಮುಂದಿನ ಶನಿವಾರವೇ ಹೊರಟೆವು.

ವಾಹನ ಸೈಕಲ್ಲೇ. ಮೂರೂ ಸೆಕೆಂಡ್ ಹ್ಯಾಂಡ್. ಅದರಲ್ಲೊಂದಕ್ಕೆ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್! ಊರಿನ ಅಭ್ಯಾಸದಲ್ಲಿ ಸುಮ್ಮನೆ ಹಿಂದಕ್ಕೆ ತಿರುಗಿಸಿದವನು ಮೊದಲ ದಿನವೇ ಮುಗ್ಗರಿಸಿದ್ದ. ಇಲ್ಲಿ ಸೈಕಲ್ಲಿಗೂ ಕೆಂಪು ಸಿಗ್ನಲ್ ಎಂದರೆ ಕೆಂಪೇ. ತಿರುಗುವ ಮೊದಲು ಕೈ ಚಾಚಿ ತೋರಿಸಬೇಕು, ಕತ್ತಲಾದರೆ ಲೈಟ್ ಕಡ್ಡಾಯ. ತಪ್ಪಿದರೆ ದಂಡ. ಬುತ್ತಿಗೆ ಚಪಾತಿ, ಮೊಟ್ಟೆ ಪಲ್ಯ, ಉಮ್ಮ ಕಳಿಸಿದ ಲಿಂಬೆ ಉಪ್ಪಿನಕಾಯಿ.

ಮೊದಲು ನಮ್ಮದೇ ಊರನ್ನು ನೋಡಿದೆವು. ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯ ಶುರುವಾದದ್ದು 1386ರಲ್ಲಿ, ಇವತ್ತಿನ ಜರ್ಮನಿಯಲ್ಲಿ ಅದಕ್ಕಿಂತ ಹಳೆಯದಿಲ್ಲ. ಗುಡ್ಡದ ಮೇಲೆ ಕೆಂಪು ಕಲ್ಲಿನ ಅರಮನೆ ಅರ್ಧ ಮುರಿದು ನಿಂತಿದೆ. 1689 ಮತ್ತು 1693ರಲ್ಲಿ ಫ್ರೆಂಚ್ ಸೈನ್ಯ ಕೆಡವಿತು, ಮುಂದೆ 1764ರಲ್ಲಿ ಸಿಡಿಲು ಬಡಿಯಿತು. ಕೆಳಗೆ ನೆಕ್ಕರ್ ನದಿ, ಅದರ ಮೇಲೆ 1788ರಲ್ಲಿ ಪೂರ್ತಿಯಾದ ಕಲ್ಲಿನ ಸೇತುವೆ. ಅಲ್ಲಾಮ ಇಕ್ಬಾಲ್ 1907ರಲ್ಲಿ ಜರ್ಮನ್ ಭಾಷೆ ಕಲಿಯುತ್ತಾ ಈ ಊರಲ್ಲಿದ್ದರು. ಅವರು ತಂಗಿದ್ದ ಮನೆಗೆ ಫಲಕ ಹಾಕಿದ್ದಾರೆ, ನದಿ ದಂಡೆಯ ರಸ್ತೆಯೊಂದಕ್ಕೆ ಅವರ ಹೆಸರಿದೆ. ಏಳು ತಿಂಗಳು ಅದೇ ಊರಲ್ಲಿದ್ದೂ ನಮಗೆ ಗೊತ್ತಿರಲಿಲ್ಲ!

ಅಲ್ಲಿಂದ ಪಶ್ಚಿಮಕ್ಕೆ ಶ್ವೆಟ್ಸಿಂಗನ್ ಎಂಬ ಸಣ್ಣ ಪಟ್ಟಣ, ಸುಮಾರು 10 ಕಿಲೋಮೀಟರ್. ಎಪೆಲ್‌ಹೈಮ್, ಪ್ಲಾಂಕ್‌ಸ್ಟಾಟ್ ದಾಟಿ ಹೋಗಬೇಕು. ನಮ್ಮೂರಿನ ಹಾಗೆ ಏರು ಇಳಿತ ಇಲ್ಲ, ಎರಡೂ ಬದಿ ಸಪಾಟು ಗದ್ದೆ. ಪ್ಲಾಂಕ್‌ಸ್ಟಾಟ್ ಹತ್ತಿರ ಒಂದು ಸೈಕಲ್ಲಿನ ಚೈನ್ ಕಳಚಿತು. ಅಂಗಡಿಗೆ ಕೊಂಡುಹೋದರೆ ಮಜೂರಿಗೇ ಒಂದು ವಾರದ ಸಾಮಾನಿನ ದುಡ್ಡು. ರಸ್ತೆ ಬದಿ ಕೂತು ನಾವೇ ಹಾಕಿದೆವು, ಕೈಯೆಲ್ಲ ಗ್ರೀಸ್.

ಸೈಕಲ್ಲಿನ ಕತೆ ಶುರುವಾದದ್ದೂ ಇದೇ ಬಯಲಿನಲ್ಲಿ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬವರು ಪಕ್ಕದ ಮಾನ್‌ಹೈಮ್ ನಗರದಿಂದ ಶ್ವೆಟ್ಸಿಂಗನ್ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಚಕ್ರದ ಮರದ ಗಾಡಿಯನ್ನು ಮೊದಲ ಬಾರಿಗೆ ಓಡಿಸಿದರು. ಅದಕ್ಕೆ ಪೆಡಲ್ ಇರಲಿಲ್ಲ. ಕೂತು ಕಾಲಿನಿಂದ ನೆಲ ಒದ್ದು ಮುಂದೆ ಹೋಗಬೇಕು. ಸುಮಾರು ಏಳು ಕಿಲೋಮೀಟರ್ ಹೋಗಿ ತಿರುಗಿ ಬಂದರು. ಪೆಡಲ್ ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್‌ನಲ್ಲಿ. ಇದು ಗೊತ್ತಾದ ಮೇಲೆ ನಮ್ಮ ಚೈನಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಶ್ವೆಟ್ಸಿಂಗನ್ ಬಿಳಿ ಆಸ್ಪರಾಗಸ್‌ಗೆ ಹೆಸರುವಾಸಿ. ಬಿಸಿಲು ತಾಗದ ಹಾಗೆ ಮಣ್ಣಿನ ದಿಬ್ಬದೊಳಗೆ ಬೆಳೆಸುತ್ತಾರೆ. ಜೂನ್ 24ಕ್ಕೆ ಅದರ ಸೀಸನ್ ಮುಗಿಯುತ್ತದೆ. ಅರಮನೆಯ ಮುಂದೆ ಅದನ್ನು ಮಾರುವ ಹೆಂಗಸಿನದ್ದೇ ಒಂದು ಪ್ರತಿಮೆ ಇದೆ. ನಾವು ನೋಡಿ ಮುಂದೆ ಹೋದೆವು, ಕೊಳ್ಳಲಿಲ್ಲ.

ನಾವು ಬಂದದ್ದು ಅರಮನೆಯ ತೋಟದೊಳಗಿನ ಮಸೀದಿ ನೋಡಲಿಕ್ಕೆ. ದೊಡ್ಡ ತೋಟ ಅದು. ಮರಗಳ ಸಾಲು ದಾಟಿದರೆ ಒಂದು ಕೊಳ, ಅದರ ದಡದಲ್ಲಿ ಗುಮ್ಮಟ, ಅಕ್ಕಪಕ್ಕ ಎರಡು ಮಿನಾರ. ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಮೂವರೂ ಮಾತಿಲ್ಲದೆ ನಿಂತೆವು.

ಇದನ್ನು ಕಟ್ಟಿಸಿದ್ದು ಈ ಪ್ರಾಂತ್ಯದ ಅರಸ ಕಾರ್ಲ್ ಥಿಯೋಡೋರ್, ಹೈಡೆಲ್‌ಬರ್ಗ್‌ನ ಆ ಸೇತುವೆಯೂ ಅವನದೇ. ಶಿಲ್ಪಿ ನಿಕೋಲಾ ದ ಪಿಗಾಜ್. 1779ರಲ್ಲಿ ಶುರುವಾದ ಕೆಲಸ 1790ರ ದಶಕದವರೆಗೂ ನಡೆಯಿತು. ಆಗ ಇಲ್ಲಿ ನಮಾಝಿಗೆ ಬರುವವರು ಯಾರೂ ಇರಲಿಲ್ಲ. ಪೂರ್ವದೇಶದ ಕಟ್ಟಡಗಳ ಮೇಲೆ ಯೂರೋಪಿನ ಅರಸರಿಗೆ ಹುಚ್ಚು ಹತ್ತಿದ್ದ ಕಾಲ ಅದು. ಅದೇ ತೋಟದಲ್ಲಿ ಗ್ರೀಕ್ ದೇವರು ಅಪೊಲೋವಿನ ಗುಡಿಯೂ ಇದೆ. ಮಸೀದಿಯೂ ಅಲಂಕಾರಕ್ಕೇ.

ಗೋಡೆಯಲ್ಲಿ ಅರಬ್ಬಿ ಬರಹಗಳಿವೆ, ಜೊತೆಗೆ ಜರ್ಮನ್ ಅರ್ಥ. ಎಲ್ಲ ನೀತಿಮಾತುಗಳು. ಮದ್ರಸದಲ್ಲಿ ಓದಿದ ಕಣ್ಣು ಅಭ್ಯಾಸದಂತೆ ಓದಲು ಹೋಗಿ ಅಲ್ಲಲ್ಲಿ ತಡವರಿಸಿತು. ತಪ್ಪು ನಮ್ಮದಲ್ಲ, ಆ ಬರಹದಲ್ಲೇ ಅಕ್ಷರದೋಷಗಳಿವೆ. ಉಸ್ತಾದರು ಇದ್ದಿದ್ದರೆ ಬೆತ್ತ ತೆಗೆಯುತ್ತಿದ್ದರು ಎಂದು ನಕ್ಕೆವು. ಆದರೆ 1870–71ರ ಯುದ್ಧದ ಸಮಯದಲ್ಲಿ ಸೆರೆಸಿಕ್ಕಿ ಬಂದ ಉತ್ತರ ಆಫ್ರಿಕಾದ ಮುಸ್ಲಿಂ ಸೈನಿಕರು ಇಲ್ಲಿ ನಮಾಝ್ ಮಾಡಿದ್ದರೆಂದು ಹೇಳುತ್ತಾರೆ. ಅದನ್ನು ಕೇಳಿದಾಗ ನಗು ನಿಂತಿತು. ಮನೆಯಿಂದ ಅಷ್ಟು ದೂರ, ಗಾಯಗೊಂಡು ಬಂದವರಿಗೆ ಈ ಗುಮ್ಮಟ ಕಂಡಾಗ ಏನನಿಸಿರಬೇಕು!

ಲುಹರ್ ಸಮಯವಾಗಿತ್ತು. ಆದರೆ ಈಗ ಅದು ಟಿಕೆಟ್ ಕೊಟ್ಟು ನೋಡುವ ಜಾಗ. ಬಂದವರು ಫೋಟೋ ತೆಗೆಯುತ್ತಿದ್ದರು. ನಾವೂ ಒಂದೆರಡು ತೆಗೆದು ಹೊರಟೆವು. ಬುತ್ತಿ ಮುಗಿಸಿ, ಎಪೆಲ್‌ಹೈಮ್ ಬರುವ ಮೊದಲು ಗದ್ದೆ ಬದಿಯಲ್ಲಿ ಸೈಕಲ್ ಮಲಗಿಸಿ, ಬಾಟಲಿ ನೀರಿನಲ್ಲಿ ವುಝೂ ಮಾಡಿ, ಜಾಕೆಟ್ ಹಾಸಿ ನಿಂತೆವು. ಸಲಾಂ ಕೊಟ್ಟು ತಿರುಗಿದರೆ ಒಬ್ಬ ಅಜ್ಜ ಸೈಕಲ್ ನಿಲ್ಲಿಸಿ ಕಾಯುತ್ತಿದ್ದರು. ಬಿದ್ದ ಸೈಕಲ್ ನೋಡಿ ಏನೋ ಅಪಘಾತ ಆಗಿದೆ ಎಂದುಕೊಂಡಿದ್ದರಂತೆ! ನಮಾಝ್ ಎಂದು ತಿಳಿದು ಮುಗಿಯುವವರೆಗೆ ಸುಮ್ಮನೆ ನಿಂತಿದ್ದರು. ಎಲ್ಲ ಸರಿಯಿದೆ ತಾನೇ ಎಂದು ಕೇಳಿ, ಕೈ ಬೀಸಿ ಹೋದರು.

ರಾತ್ರಿ ಫೋಟೋ ಕಳಿಸಿದೆವು. ಬಾಪ ಕೂಡಲೇ ಫೋನ್ ಮಾಡಿದರು. ‘ಎಷ್ಟು ಚಂದದ ಪಳ್ಳಿ! ಐದು ಹೊತ್ತೂ ನಮಾಝ್ ಇದೆಯಾ?’

‘ಇಲ್ಲ ಬಾಪ, ಬರೀ ನೋಡಲಿಕ್ಕೆ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ನೀವು ಎಲ್ಲಿ ಮಾಡಿದಿರಿ?’ ಎಂದರು. ಗದ್ದೆಯ ಕತೆ, ಅಜ್ಜನ ಕತೆ ಹೇಳಿದೆವು. ಆಮೇಲೆ ಡ್ರೈಸ್, ಇಕ್ಬಾಲ್, ಹಿಂದಕ್ಕೆ ತುಳಿಯುವ ಬ್ರೇಕು. ಯಾವತ್ತೂ ಐದು ನಿಮಿಷದಲ್ಲಿ ಮುಗಿಯುವ ಫೋನು ಆ ದಿನ ಒಂದು ಗಂಟೆ ನಡೆಯಿತು. ಖರ್ಚಾದದ್ದು ತೋಟದ ಟಿಕೆಟ್ ಮಾತ್ರ.

ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳಲ್ಲಿ ‘ಊಟ ಆಯಿತಾ, ಫೀಸ್ ಕಟ್ಟಿದೆಯಾ’ ಎಂಬ ವಿಚಾರಣೆ ದಿನವೂ ಇರುತ್ತದೆ. ಅದು ಇರಲಿ. ಜೊತೆಗೆ ‘ಈ ವಾರ ಏನು ನೋಡಿದಿ’ ಎಂದೂ ಒಮ್ಮೆ ಕೇಳಿ. ನಮ್ಮ ಕೈಗೆ ಸೈಕಲ್ ಹಿಡಿಸಿದ್ದು ಅಂಥದ್ದೇ ಒಂದು ಪ್ರಶ್ನೆ.