ಕೆರೆಯಂಚಿನ ತೆಳುನೀರು: ಗಾಳ ಹಾಕುವವರ ಋತುಮಾನ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಕುಣಿಗಲ್ ದೊಡ್ಡಕೆರೆಯ ಅಂಚಿನಲ್ಲಿ ಗಾಳ ಹಾಕಿ ಕುಳಿತವರನ್ನು ಗಮನಿಸಿ. ಎಂಟು ಗಂಟೆಯಾದರೂ ಬೆಂಡು ಅಲುಗುವುದಿಲ್ಲ. ಬಿಸಿಲೇರಿ ಹನ್ನೊಂದರ ಹೊತ್ತಾದಾಗ ಅದೇ ಜಾಗದಲ್ಲಿ, ಅದೇ ಎರೆಹುಳುವಿಗೆ ಮೀನು ಬಾಯಿ ಹಾಕುತ್ತದೆ. ಏಪ್ರಿಲ್‌ನಲ್ಲಿ ಪರಿಸ್ಥಿತಿ ಬೇರೆ. ಆಗ ಮಧ್ಯಾಹ್ನದ ಬಿಸಿಲಿನಲ್ಲಿ ಅಂಚಿನಲ್ಲಿ ಮೀನಿನ ಸುಳಿವೇ ಇರುವುದಿಲ್ಲ. ಮಳೆ ಬಂದು ಹೊಸ ನೀರು ಹರಿದಾಗ ಮಾತ್ರ ಬುಟ್ಟಿಯಲ್ಲಿ ಗೋಚುವಷ್ಟು ಮೀನು ದಡಕ್ಕೆ ಬರುತ್ತವೆ. ಅನುಭವಸ್ಥರು ಇದನ್ನೆಲ್ಲ ಬಲ್ಲರು. ಕಾರಣ ಕೇಳಿದರೆ "ಅದು ಕಾಲಗುಣ" ಎನ್ನುತ್ತಾರೆ.

ಈ ಕಾಲಗುಣದ ಹಿಂದೆ ಶಾಲೆಯಲ್ಲಿ ಕಲಿಸುವ ವಿಜ್ಞಾನವೇ ಇದೆ. ವಿಶಿಷ್ಟೋಷ್ಣ, ಅನಿಲಗಳ ಕರಗುವಿಕೆ, ವಕ್ರೀಭವನ, ಸಂತಾನೋತ್ಪತ್ತಿ ಇವೆಲ್ಲವೂ ಕೆರೆಯಂಚಿನ ಮೊಣಕಾಲುದ್ದ ನೀರಿನಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಈ ತೆಳುನೀರಿನ ಪಟ್ಟಿ ಕೆರೆಯ ಮೀನುಗಳಿಗೆ ಎಷ್ಟು ಮುಖ್ಯ ಎಂಬುದನ್ನು ಋತುಗಳ ಕ್ರಮದಲ್ಲಿ ನೋಡೋಣ.

ಏರಿಯ ಕಡೆ ಆಳ, ಅಂಗಳದ ಕಡೆ ತೆಳು

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಇದೇ ನದಿಯ ಜಲಾನಯನದಲ್ಲಿ ನೂರಾರು ಕೆರೆಗಳಿವೆ. ಇವುಗಳ ರಚನೆ ಬಹುಮಟ್ಟಿಗೆ ಒಂದೇ ತೆರ. ಹಳ್ಳಕ್ಕೆ ಅಡ್ಡಲಾಗಿ ಒಂದು ಏರಿ. ಏರಿಯ ಬುಡದಲ್ಲಿ, ತೂಬಿನ ಬಳಿ, ಹೆಚ್ಚು ಆಳ. ಅಲ್ಲಿಂದ ಹಿನ್ನೀರಿನ ಕಡೆಗೆ ನೆಲ ನಿಧಾನವಾಗಿ ಏರುತ್ತಾ ಹೋಗುತ್ತದೆ.

ಈ ಇಳಿಜಾರಿನ ಮಹತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕೆರೆಯಂಗಳ 100 ಮೀಟರ್ ದೂರಕ್ಕೆ 1 ಮೀಟರ್‌ನಷ್ಟು ಏರುತ್ತದೆ ಎಂದುಕೊಳ್ಳಿ. ಕೆರೆಯ ಮಟ್ಟ 1 ಮೀಟರ್ ಹೆಚ್ಚಿದರೆ ನೀರಿನ ಅಂಚು 100 ಮೀಟರ್ ಮುಂದಕ್ಕೆ ಸರಿಯುತ್ತದೆ. ಅಂತಹ ದಡ 1 ಕಿಲೋಮೀಟರ್ ಉದ್ದವಿದ್ದರೆ 10 ಹೆಕ್ಟೇರ್ ಹೊಸ ನೆಲ ಮುಳುಗುತ್ತದೆ. ಅದೇ ದಡವನ್ನು 2 ಮೀಟರ್‌ಗೆ 1 ಮೀಟರ್ ಏರುವಂತೆ ಕಲ್ಲು ಕಟ್ಟಿ ಕಡಿದಾಗಿಸಿದ್ದರೆ ಮುಳುಗುವುದು ಕೇವಲ 0.2 ಹೆಕ್ಟೇರ್. ಏರಿದ ನೀರಿನ ಮಟ್ಟ ಒಂದೇ, ದೊರೆತ ತೆಳುನೀರು ಐವತ್ತರಲ್ಲಿ ಒಂದು ಪಾಲು. ಈ ಅಂಕಿಗಳನ್ನು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಇವು ಮತ್ತೆ ಬೇಕಾಗುತ್ತವೆ.

ಚಳಿಗಾಲ: ಮಧ್ಯಾಹ್ನ ಮೇಯುವ ಮೀನು

ಮೀನು ಶೀತರಕ್ತ ಪ್ರಾಣಿ. ನೀರಿನ ಉಷ್ಣತೆಯೇ ಅದರ ದೇಹದ ಉಷ್ಣತೆ. ಸಾಮಾನ್ಯವಾಗಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಇಂಥ ಪ್ರಾಣಿಗಳ ಚಯಾಪಚಯ ಕ್ರಿಯೆಯ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಸಿವು ಕಡಿಮೆಯಾಗುತ್ತದೆ, ಚಲನೆ ನಿಧಾನವಾಗುತ್ತದೆ. ರಾತ್ರಿಯ ಚಳಿಗೆ ತೆಳುನೀರು ಬೇಗ ತಣ್ಣಗಾಗುವುದರಿಂದ ಮೀನು ಆಳಕ್ಕೆ ಸರಿದಿರುತ್ತದೆ.

ಬಿಸಿಲು ಬಂದಾಗ ಏನಾಗುತ್ತದೆ? ಒಂದು ಚದರ ಮೀಟರ್ ಮೇಲ್ಮೈಗೆ 10 ಲಕ್ಷ ಜೂಲ್ ಶಾಖ ಸೇರಿತು ಎನ್ನೋಣ. ನೀರು 30 ಸೆಂಟಿಮೀಟರ್ ಆಳವಿದ್ದರೆ ಅದರ ರಾಶಿ 300 ಕಿಲೋಗ್ರಾಂ. ನೀರಿನ ವಿಶಿಷ್ಟೋಷ್ಣದ ಪ್ರಕಾರ ಅದರ ಉಷ್ಣತೆ ಸುಮಾರು 0.8 ಡಿಗ್ರಿ ಏರುತ್ತದೆ. ನೀರು 3 ಮೀಟರ್ ಆಳವಿದ್ದು ಶಾಖ ಪೂರ್ತಿ ಹರಡಿದರೆ ಏರಿಕೆ 0.08 ಡಿಗ್ರಿ ಮಾತ್ರ. ಹೀಗಾಗಿ ಹತ್ತು-ಹನ್ನೊಂದು ಗಂಟೆಯ ಹೊತ್ತಿಗೆ ಅಂಚಿನ ನೀರು ಕೆರೆಯ ಉಳಿದ ಭಾಗಕ್ಕಿಂತ ಬೆಚ್ಚಗಾಗಿ, ಮೀನುಗಳು ಮೇಯಲು ಅಲ್ಲಿಗೆ ಬರುತ್ತವೆ. ದೊಡ್ಡಕೆರೆಯ ಬೆಂಡು ತಡವಾಗಿ ಅಲುಗುವುದಕ್ಕೆ ಇದೇ ಕಾರಣ.

ಬೇಸಿಗೆ: ಉಸಿರಿನ ಅಭಾವ

ಮಾರ್ಚ್ ನಂತರ ಈ ಶಾಖವೇ ಶತ್ರುವಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದ ಒತ್ತಡದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು 7.6 ಮಿಲಿಗ್ರಾಂ, 35 ಡಿಗ್ರಿಯಲ್ಲಿ ಸುಮಾರು 7 ಮಿಲಿಗ್ರಾಂ. ಇತ್ತ ಬಿಸಿ ನೀರಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು. ಬೇಡಿಕೆ ಏರಿ, ಪೂರೈಕೆ ಇಳಿಯುತ್ತದೆ.

ಕೆರೆಗೆ ಊರಿನ ಕೊಳಚೆ ಸೇರುತ್ತಿದ್ದರೆ ಸಮಸ್ಯೆ ಇನ್ನೂ ತೀವ್ರ. ಕೊಳಚೆಯ ಸಾರಜನಕ, ರಂಜಕಗಳನ್ನುಂಡು ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಅದು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿಯೂ ಉಸಿರಾಡಿ ಆಮ್ಲಜನಕವನ್ನು ಬಳಸುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ಅತ್ಯಂತ ಕಡಿಮೆ ಇರುತ್ತದೆ. ಬೇಸಿಗೆಯ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಹಸಿವಿನಿಂದಲ್ಲ, ಉಸಿರಿಗಾಗಿ. ಆಗ ಗಾಳ ಹಾಕಿದರೆ ಫಲ ಕಡಿಮೆ.

ಇಂಥ ಸ್ಥಿತಿಯಲ್ಲಿ ಮೊದಲ ಗುಡುಗುಮಳೆ ಬಿದ್ದು ಚರಂಡಿಯ ಕೊಳೆ ಒಮ್ಮೆಗೇ ಒಳನುಗ್ಗಿದರೆ, ತಳದ ಆಮ್ಲಜನಕವಿಲ್ಲದ ನೀರೂ ಮೇಲಕ್ಕೆ ಕಲಕಿದರೆ, ಲೀಟರಿಗೆ ಸುಮಾರು 3 ಮಿಲಿಗ್ರಾಂಗಿಂತ ಕೆಳಗಿಳಿದ ಆಮ್ಲಜನಕವನ್ನು ಗೆಂಡೆ ಜಾತಿಯ ಮೀನುಗಳು ಹೆಚ್ಚು ಹೊತ್ತು ತಾಳಲಾರವು. ನಗರದ ಕೆರೆಗಳಲ್ಲಿ ಮಳೆಯ ಮರುದಿನ ಮೀನು ಸತ್ತು ತೇಲುವುದಕ್ಕೆ ವಿಷ ಹಾಕಿರಲೇಬೇಕೆಂದಿಲ್ಲ. ಕೊರವ ಮೀನು, ಚೇಳುಮೀನುಗಳು ಮಾತ್ರ ಬದುಕುಳಿಯುವುದುಂಟು. ಗಾಳಿಯಿಂದ ನೇರವಾಗಿ ಆಮ್ಲಜನಕ ಹೀರುವ ಅಂಗ ಅವುಗಳಿಗಿದೆ.

ಹೊಸ ನೀರು: ಕೆರೆಯ ವರ್ಷದ ಉಬ್ಬರ

ತುಮಕೂರು ಜಿಲ್ಲೆಯಲ್ಲಿ ಮೇ ತಿಂಗಳ ಗುಡುಗುಮಳೆ ಒಂದಿಷ್ಟು ನೀರು ತರುತ್ತದೆ. ಆದರೆ ಹೆಚ್ಚು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ. ಹೇಮಾವತಿ ನಾಲೆಯ ನೀರು ಹರಿಯುವ ಕೆರೆಗಳು ಇದಕ್ಕೂ ಮೊದಲೇ ತುಂಬುವುದುಂಟು. 2022ರಂತಹ ವರ್ಷದಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು.

ತಿಂಗಳುಗಟ್ಟಲೆ ಒಣಗಿದ್ದ ಅಂಗಳದಲ್ಲಿ ಹುಲ್ಲು ಬೆಳೆದಿರುತ್ತದೆ, ದನಗಳ ಸಗಣಿ ಬಿದ್ದಿರುತ್ತದೆ, ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ತತ್ತಿಗಳು ಸುಪ್ತವಾಗಿರುತ್ತವೆ. ನೀರು ಆವರಿಸಿದೊಡನೆ ಪೋಷಕಾಂಶಗಳು ಬಿಡುಗಡೆಯಾಗಿ ಪ್ರಾಣಿಪ್ಲವಕಗಳು ಹೇರಳವಾಗುತ್ತವೆ. ಆಗತಾನೇ ಮೊಟ್ಟೆಯೊಡೆದ ಮೀನುಮರಿಯ ಬಾಯಿಗೆ ಹಿಡಿಸುವ ಆಹಾರ ಇದೇ. ಮುಳುಗಿದ ಹುಲ್ಲಿನ ಮರೆಯೂ ದೊರೆಯುತ್ತದೆ. ನೀರಿನ ಏರಿಳಿತವೇ ಪ್ರವಾಹ ಬಯಲಿನ ಜೀವಸಮೃದ್ಧಿಗೆ ಮೂಲ ಎಂಬ 'ಪ್ರವಾಹ ಮಿಡಿತ'ದ ಪರಿಕಲ್ಪನೆಯನ್ನು ವೊಲ್ಫ್‌ಗಾಂಗ್ ಯುಂಕ್, ಪೀಟರ್ ಬೇಲಿ ಮತ್ತು ರಿಚರ್ಡ್ ಸ್ಪಾರ್ಕ್ಸ್ 1989ರಲ್ಲಿ ದೊಡ್ಡ ನದಿಗಳಿಗಾಗಿ ಮಂಡಿಸಿದರು. ನಮ್ಮ ಕೆರೆಯಂಗಳದಲ್ಲೂ ಚಿಕ್ಕ ಪ್ರಮಾಣದಲ್ಲಿ ನಡೆಯುವುದು ಅದೇ.

ಹೊಸ ನೀರಿನ ಸುಳಿವು ಸಿಕ್ಕೊಡನೆ ಸಣ್ಣ ಗೆಂಡೆಗಳು ಅಂಚಿಗೆ, ಹಳ್ಳದ ಬಾಯಿಗೆ ನುಗ್ಗಿ ಮೊಟ್ಟೆಯಿಡುತ್ತವೆ. ಸಾಮಾನ್ಯ ಗೆಂಡೆಯ ಅಂಟುವ ಮೊಟ್ಟೆಗಳು ನೀರೊಳಗಿನ ಗಿಡಗಳಿಗೆ ಹತ್ತಿಕೊಳ್ಳುತ್ತವೆ. ಕೊರವ ಮೀನು ಜೊಂಡಿನ ನಡುವೆ ಗೂಡು ಮಾಡಿ, ಕೆಂಪು-ಕಿತ್ತಳೆ ಬಣ್ಣದ ಮರಿಗಳ ಹಿಂಡನ್ನು ಕಾಯುತ್ತದೆ. ಹತ್ತಿರ ಬಂದ ಯಾವುದೇ ವಸ್ತುವಿನ ಮೇಲೆ ಎರಗುತ್ತದೆ, ಗಾಳದ ಮೇಲೂ. ಹೀಗಾಗಿ ವರ್ಷದಲ್ಲಿ ಅತಿ ಸುಲಭವಾಗಿ ಸಿಗುವ ಕೊರವ ಎಂದರೆ ಮರಿ ಕಾಯುತ್ತಿರುವ ಕೊರವವೇ. ಅದನ್ನು ಎಳೆದುಕೊಂಡರೆ ಕೆಲವೇ ಗಂಟೆಗಳಲ್ಲಿ ಇತರ ಮೀನುಗಳು ಆ ಹಿಂಡಿನ ಬಹುಭಾಗವನ್ನು ತಿಂದು ಮುಗಿಸಬಹುದು.

ಇಲ್ಲೊಂದು ಪ್ರಶ್ನೆ ಏಳಬಹುದು. ಕೆರೆಗೆ ಪ್ರತಿವರ್ಷ ಮೀನುಮರಿ ಬಿತ್ತನೆ ಮಾಡುತ್ತಾರಲ್ಲ? ನಿಜ. ಕಾಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ನದಿಯ ಮೀನುಗಳು. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಬಿತ್ತನೆಯ ಮರಿಗಳು ಬರುವುದು ಈ ವಿಧಾನದ ಮುಂದುವರಿಕೆಯಿಂದ. ಆದರೆ ಕೊರವ, ಚೇಳುಮೀನು, ಸಣ್ಣ ಗೆಂಡೆಗಳನ್ನು ಕೆರೆಗಳಿಗೆ ಈ ಪ್ರಮಾಣದಲ್ಲಿ ಬಿತ್ತುವವರಿಲ್ಲ. ಅವುಗಳ ಮರಿಕೇಂದ್ರ ಈ ತೆಳುನೀರೇ.

ದ್ವೀಪದ ತೆಳುನೀರಿನೊಡನೆ ಹೋಲಿಕೆ

ತೆಳುನೀರಿನಲ್ಲಿ ಕಾಲಜ್ಞಾನದಿಂದ ಮೀನು ಹಿಡಿಯುವುದು ನಮ್ಮ ಕೆರೆಗಳಿಗಷ್ಟೇ ಸೀಮಿತವಲ್ಲ. ಹಿಂದೂ ಮಹಾಸಾಗರದ ಸೀಶೆಲ್ಸ್, ಶಾಂತಸಾಗರದ ಕಿರಿಬಾಟಿಯಂತಹ ಹವಳದ್ವೀಪಗಳ ಸುತ್ತ ಮೈಲಿಗಟ್ಟಲೆ ಮೊಣಕಾಲುದ್ದ ಉಪ್ಪುನೀರಿನ ಬಯಲುಗಳಿವೆ. ಅಲ್ಲಿ ಗರಿ ಮತ್ತು ದಾರವನ್ನು ಕೊಕ್ಕೆಗೆ ಸುತ್ತಿ ಮಾಡಿದ ಹಗುರವಾದ ಕೃತಕ ಸೀಗಡಿಯನ್ನು ಎಸೆದು 'ಬೋನ್‌ಫಿಷ್' ಎಂಬ ಮೀನನ್ನು ಹಿಡಿಯುತ್ತಾರೆ. ಇದಕ್ಕೆ 'ಫ್ಲೈ ಫಿಷಿಂಗ್' ಎಂದು ಹೆಸರು. ಕೊಕ್ಕೆಗೆ ಭಾರವಿಲ್ಲದ ಕಾರಣ ದಾರವನ್ನೇ ಭಾರವಾಗಿ ಮಾಡಿ, ಅದರ ಸಂವೇಗದಿಂದ ಕೊಕ್ಕೆಯನ್ನು ದೂರಕ್ಕೆ ಒಯ್ಯುವುದು ಇದರ ವಿಶೇಷ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದು ಅಲ್ಲಿ ರೂಢಿ. ಸೀಶೆಲ್ಸ್‌ನಲ್ಲಿ ಈ ಮೀನುಗಾರಿಕೆ ಅಕ್ಟೋಬರ್‌ನಿಂದ ಮೇ ವರೆಗೆ. ಉಳಿದ ತಿಂಗಳಲ್ಲಿ ಆಗ್ನೇಯ ವಾಣಿಜ್ಯ ಮಾರುತಗಳು ಬಲವಾಗಿ ಬೀಸುತ್ತವೆ.

ಅಲ್ಲಿ ಬಹುತೇಕ ಕಡೆ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ. ಉಬ್ಬರದೊಡನೆ ಬೋನ್‌ಫಿಷ್ ತೆಳುನೀರಿಗೆ ಮೇಯಲು ಬರುತ್ತದೆ, ಇಳಿತದೊಡನೆ ಹಿಂದಿರುಗುತ್ತದೆ. ಮೊಟ್ಟೆಯಿಡಲು ಅದು ಹವಳದಿಬ್ಬದಾಚೆಯ ಆಳ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಕೆರೆಯಲ್ಲಿ ದೊಡ್ಡ ಉಬ್ಬರ ವರ್ಷಕ್ಕೆ ಒಂದೇ ಸಲ, ಮತ್ತು ಅನೇಕ ಮೀನುಗಳು ಮೊಟ್ಟೆಯಿಡಲು ಬರುವುದೇ ತೆಳುನೀರಿಗೆ. ದ್ವೀಪದ ಮೀನು ಒಂದು ಉಬ್ಬರವನ್ನು ಕಳೆದುಕೊಂಡರೆ ಅರ್ಧ ದಿನದಲ್ಲಿ ಇನ್ನೊಂದು ಬರುತ್ತದೆ. ಕೆರೆಯ ಮೀನು ಕಳೆದುಕೊಂಡರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು.

ನೀರಿನ ಕಿಟಕಿ

ಎರಡೂ ಕಡೆ ಗಾಳ ಹಾಕುವವರು ಪಾಲಿಸುವ ಒಂದು ನಿಯಮವಿದೆ: ಬಗ್ಗಿ ನಡೆ, ಕುಳಿತು ಎಸೆ. ಇದಕ್ಕೆ ಕಾರಣ ವಕ್ರೀಭವನ. ನೀರಿನ ವಕ್ರೀಭವನಾಂಕ 1.33, ಕ್ರಾಂತಿಕ ಕೋನ ಸುಮಾರು 49 ಡಿಗ್ರಿ. ಆದ್ದರಿಂದ ಹೊರಜಗತ್ತೆಲ್ಲ ಮೀನಿಗೆ ತಲೆಯ ಮೇಲಿನ ಒಂದು ವೃತ್ತದೊಳಗೆ ಕಾಣುತ್ತದೆ. ಮೀನು 50 ಸೆಂಟಿಮೀಟರ್ ಆಳದಲ್ಲಿದ್ದರೆ ಆ ವೃತ್ತದ ತ್ರಿಜ್ಯ ಸುಮಾರು 57 ಸೆಂಟಿಮೀಟರ್. ಅದರಾಚೆ ಪೂರ್ಣ ಆಂತರಿಕ ಪ್ರತಿಫಲನದಿಂದ ಮೇಲ್ಮೈ ಕನ್ನಡಿಯಂತಾಗುತ್ತದೆ.

ಕಿಟಕಿಯ ಅಂಚಿನಲ್ಲಿ ನೋಟ ಕುಗ್ಗುತ್ತದೆ. 4 ಮೀಟರ್ ದೂರದಲ್ಲಿ ನಿಂತವನ ತಲೆ 1.6 ಮೀಟರ್ ಎತ್ತರದಲ್ಲಿದ್ದರೆ, ಅವನ ಬಿಂಬ ಕಿಟಕಿಯ ಅಂಚಿನಿಂದ ಸುಮಾರು ನಾಲ್ಕೂವರೆ ಡಿಗ್ರಿ ಒಳಕ್ಕೆ ಚಾಚುತ್ತದೆ. ಕುಳಿತು ತಲೆಯನ್ನು 0.8 ಮೀಟರ್‌ಗೆ ಇಳಿಸಿದರೆ ಅದು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಎತ್ತರ ಅರ್ಧವಾದರೆ ಬಿಂಬ ಸುಮಾರು ಕಾಲು ಭಾಗವಾಗುತ್ತದೆ! ಇನ್ನು ಮಾತಿನ ಧ್ವನಿಯ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಷ್ಟೇ ನೀರಿಗೆ ಇಳಿಯುತ್ತದೆ. ಆದರೆ ದಡದ ಮೇಲೆ ಧಪಧಪನೆ ಹೆಜ್ಜೆಯಿಟ್ಟರೆ ಕಂಪನ ನೆಲದ ಮೂಲಕ ನೀರಿಗೆ ಸಾಗುತ್ತದೆ. ಮೀನಿನ ಒಳಕಿವಿ ಮತ್ತು ಪಾರ್ಶ್ವರೇಖೆಗಳು ಅದನ್ನು ಗ್ರಹಿಸುತ್ತವೆ.

ಇಳಿಜಾರು ಉಳಿಯಬೇಕು

ಈಗ ಮೊದಲಿನ ಲೆಕ್ಕಕ್ಕೆ ಮರಳೋಣ. ಹೂಳೆತ್ತುವುದು, ದಡಕ್ಕೆ ಕಲ್ಲು ಕಟ್ಟುವುದು, ನಡಿಗೆಪಥ ಮಾಡುವುದು ಕೆರೆ ಅಭಿವೃದ್ಧಿಯ ಸಾಮಾನ್ಯ ಕೆಲಸಗಳು. ನೀರಿನ ಸಂಗ್ರಹ ಹೆಚ್ಚಲು ಹೂಳೆತ್ತುವುದು ಅಗತ್ಯವೂ ಹೌದು. ಆದರೆ ಕೆರೆಯನ್ನು ಸುತ್ತಲೂ ಕಡಿದಾದ ಬಟ್ಟಲಿನಂತೆ ಮಾಡಿದರೆ 10 ಹೆಕ್ಟೇರ್ ತೆಳುನೀರು 0.2 ಹೆಕ್ಟೇರ್‌ಗೆ ಇಳಿಯುತ್ತದೆ. ನೀರು ಹೆಚ್ಚಿದರೂ ಮರಿಕೇಂದ್ರ ಇಲ್ಲವಾಗುತ್ತದೆ. ಅಂಗಳದಲ್ಲಿ ಅಲ್ಲಲ್ಲಿ ತೋಡಿಬಿಟ್ಟ ನೇರ ಅಂಚಿನ ಗುಂಡಿಗಳು ನೀರು ತುಂಬಿದ ಮೇಲೆ ಮಕ್ಕಳಿಗೂ ದನಗಳಿಗೂ ಅಪಾಯಕಾರಿ. ಆಳವನ್ನು ಏರಿಯ ಕಡೆಗೆ ಮಾಡಿ, ಹಳ್ಳ ಸೇರುವ ಕಡೆಯ ಇಳಿಜಾರನ್ನೂ ಜೊಂಡನ್ನೂ ಉಳಿಸಿದರೆ ಎರಡು ಉದ್ದೇಶಗಳೂ ಈಡೇರುತ್ತವೆ.

ಗಾಳ ಹಾಕುವವರ ಪಾಲಿನ ಕೆಲಸ ಸುಲಭ. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯಲ್ಲಿರುವುದರಿಂದ ಮೊದಲು ಅನುಮತಿ ಪಡೆಯಬೇಕು. ಹೊಸ ನೀರು ಬಂದ ಮೊದಲ ಕೆಲವು ವಾರ ಅಂಚಿನಲ್ಲಿಯೂ ಹಳ್ಳದ ಬಾಯಿಯಲ್ಲಿಯೂ ಹಿಡಿಯಬಾರದು. ಸೊಳ್ಳೆಪರದೆಯಿಂದ ಮರಿ ಗೋರಬಾರದು. ಮರಿಹಿಂಡಿನ ಬಳಿಯ ಕೊರವವನ್ನು ಬಿಟ್ಟುಬಿಡಬೇಕು.

ಶಿಕ್ಷಕರು ಇದನ್ನು ವರ್ಷದ ಒಂದು ಯೋಜನೆಯಾಗಿ ಮಾಡಿಸಬಹುದು. ಹತ್ತಿರದ ಕೆರೆಯ ಇಳಿಜಾರಿನ ದಡದಲ್ಲಿ ನೀರು ತಗ್ಗಿರುವಾಗ 10 ಮೀಟರ್‌ಗೊಂದು ಗೂಟ ನೆಟ್ಟು, ತಿಂಗಳಿಗೊಮ್ಮೆ ನೀರಿನ ಅಂಚು ಯಾವ ಗೂಟದ ಬಳಿಯಿದೆ ಎಂದು ಬರೆದಿಡಿ. ಬೆಳಿಗ್ಗೆ ಏಳು ಮತ್ತು ಮಧ್ಯಾಹ್ನ ಹನ್ನೆರಡಕ್ಕೆ ಅಂಚಿನ ನೀರಿನ ಉಷ್ಣತೆ ಅಳೆಯಿರಿ. ಬೇಸಿಗೆಯಲ್ಲಿ ನೀರು ಇಳಿದ ಕೆಸರಿನ ಮೇಲೆ ತಟ್ಟೆಯಾಕಾರದ ಗುಳಿಗಳು ಕಂಡರೆ ಎಣಿಸಿ. ಅವು ಗಂಡು ತಿಲಾಪಿಯಾ ಮೀನು ತೋಡಿದ ಗೂಡುಗಳಿರಬಹುದು. ವಿದ್ಯಾರ್ಥಿಗಳು ನೀರಿಗಿಳಿಯದೆ, ಶಿಕ್ಷಕರ ಜೊತೆಯಲ್ಲೇ ಈ ಕೆಲಸ ಮಾಡಬೇಕು. ಒಂದು ವರ್ಷದ ಈ ದಾಖಲೆ ಕೈಯಲ್ಲಿದ್ದರೆ, ಊರಿನ ಕೆರೆಯ ಹೂಳೆತ್ತುವ ಮಾತು ಬಂದಾಗ ಗ್ರಾಮಸಭೆಯ ಮುಂದಿಡಲು ಅಂಕಿಅಂಶಗಳು ಇರುತ್ತವೆ.