ನಿಮಗಿದು ಗೊತ್ತೆ? ಡೇರೆಗಳಲ್ಲಿ ನಡೆದ ಮನೋಚಿಕಿತ್ಸೆ

ಮನೋರೋಗಿಯನ್ನು ಸ್ವಜನರಿಂದ ಬೇರ್ಪಡಿಸಿ ಎತ್ತರದ ಗೋಡೆಗಳ ನಡುವೆ ಇರಿಸುವುದೇ ಚಿಕಿತ್ಸೆಯೆಂದು ಬಹುಮಂದಿ ಭಾವಿಸಿದ್ದ 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನು ಅವರೊಡನೆಯೇ ವಾಸಿಸುವಂತೆ ಬರಮಾಡಿಕೊಂಡರು. ಆರೈಕೆಯಲ್ಲಿ ಪಾಲ್ಗೊಂಡ ಈ ಬಂಧುಗಳನ್ನು ಒಂದೆಡೆ ಕುಳ್ಳಿರಿಸಿ, ಮನಸ್ಸು ಹೇಗೆ ಕದಡುತ್ತದೆ, ಮರಳಿ ಹೇಗೆ ತಿಳಿಯಾಗುತ್ತದೆ ಎಂಬುದನ್ನು ಅವರು ಸರಳವಾದ ಮಾತುಗಳಲ್ಲಿ ವಿವರಿಸುತ್ತಿದ್ದರು. ದೆವ್ವದ ಕಾಟವೆಂದೋ ಪ್ರಾರಬ್ಧಕರ್ಮವೆಂದೋ ನಂಬಿದವರಿಗೆ, ಮಗನ ಮೌನವೂ ಸೊಸೆಯ ಆಕ್ರೋಶವೂ ವ್ಯಾಧಿಯ ಲಕ್ಷಣಗಳೆಂಬ ಅರಿವುಂಟಾದಾಗ, ಹೃದಯದಲ್ಲಿ ಮನೆಮಾಡಿದ್ದ ಭಯವೂ ಜುಗುಪ್ಸೆಯೂ ಕರುಣೆಗೆ ಎಡೆಗೊಡುವುದು ಸಹಜವೇ ಸರಿ. ಔಷಧಕ್ಕಿಂತ ಇದು ಕಿರಿದಾದ ಉಪಚಾರವೆಂದು ನಾನಂತೂ ಎಣಿಸಲಾರೆ. ರೋಗಿಯು ಗುಣಹೊಂದಿ ಮರಳಬೇಕಾದುದು ಆಸ್ಪತ್ರೆಯ ಮಂಚಕ್ಕಲ್ಲ, ಅದೇ ಮನೆಗೆ, ಅದೇ ಜನರ ನಡುವಿಗೆ.

ಭಾರತದಲ್ಲಿ ಕುಟುಂಬವನ್ನು ಮನೋಚಿಕಿತ್ಸೆಯ ಸಹಭಾಗಿಯನ್ನಾಗಿಸಿದ ಮೊದಮೊದಲ ಪ್ರಯತ್ನವಿದು. ಅನಂತರ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜೂ ಈ ಮಾರ್ಗವನ್ನು ಹಿಡಿಯಿತು. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ, ರೋಗಿಯೊಬ್ಬನನ್ನೇ ಅಲ್ಲದೆ ಇಡೀ ಕುಟುಂಬವನ್ನು ಚಿಕಿತ್ಸೆಗೆ ತೆಗೆದುಕೊಳ್ಳುವ ಪ್ರತ್ಯೇಕ ಕೇಂದ್ರವೊಂದಿದೆ.